ಅತಿಥಿಶಬ್ದವೂ ವಿಹಾರಗೃಹಗಳೂ: ದೊಡ್ಡನೆಕ್ಕುಂದಿಯ ಸೀಮೆಯಿಂದ ಲಲಿತಮಹಲಿನವರೆಗೆ

ಈಚಿನ ವೃತ್ತಪತ್ರಿಕೆಗಳಲ್ಲಿಯೂ ಸರ್ಕಾರದ ಪ್ರಕಟನೆಗಳಲ್ಲಿಯೂ 'ಆತಿಥ್ಯೋದ್ಯಮ' ಎಂಬ ಸಮಾಸಪದವು ಧಾರಾಳವಾಗಿ ಬಳಕೆಯಾಗುತ್ತಿರುವುದನ್ನು ವಿದ್ವಾಂಸರು ಗಮನಿಸಿರಬಹುದು. ಹಣವನ್ನು ಪಡೆದು ಯಾತ್ರಿಕರಿಗೆ ಶಯ್ಯೆ, ಭೋಜನ, ವಿಹಾರಗಳನ್ನು ಒದಗಿಸುವ ವೃತ್ತಿಗೆ ಈ ಹೆಸರು ಸಲ್ಲುತ್ತಿದೆ. ಬೆಂಗಳೂರಿನ ಪೂರ್ವಭಾಗದಲ್ಲಿ, ಹಲಸೂರಿನಿಂದ ವೈಟ್‌ಫೀಲ್ಡಿನ ಕಡೆಗೆ ಹೋಗುವವರಿಗೆ ನಡುವೆ ಸಿಕ್ಕುವ ದೊಡ್ಡನೆಕ್ಕುಂದಿಯ ಸೀಮೆಯಲ್ಲಿ ಇಂಥ ಗೃಹಗಳು ಈಗ ಬಹುಸಂಖ್ಯೆಯಲ್ಲಿರುವುವು. ಒಂದು ತಲೆಮಾರಿನ ಹಿಂದೆ ಕೆರೆ, ರಾಗಿಯ ಹೊಲ, ತೋಪು ಇವುಗಳಿಂದ ಕೂಡಿದ ಗ್ರಾಮವಾಗಿದ್ದ ಈ ಊರು ೨೦೦೭ರಲ್ಲಿ ಮಹಾದೇವಪುರದ ನಗರಸಭೆಯೊಡನೆ ಬೆಂಗಳೂರಿನ ಮಹಾನಗರಪಾಲಿಕೆಗೆ ಸೇರಿಹೋಯಿತು. ಕೆರೆ ಉಳಿದಿದೆ. ಹೊಲಗಳಿದ್ದ ಕಡೆ ಬಹುಮಹಡಿಯ ಕಟ್ಟಡಗಳಿವೆ; ಅವುಗಳಲ್ಲಿ ಕೆಲವದರ ಬಾಗಿಲಲ್ಲಿ 'ರಾಜವೈಭವದ ಆತಿಥ್ಯ'ವು ದೊರೆಯುವುದಾಗಿ ಬರೆದಿರುವುದನ್ನೂ ಕಾಣಬಹುದು. ಆತಿಥ್ಯಕ್ಕೂ ಉದ್ಯಮಕ್ಕೂ ಸಮಾಸವು ಸಾಧುವೆ, ರಾಜವೈಭವವೆಂಬ ಮಾತಿಗೆ ಚರಿತ್ರೆಯಲ್ಲಿ ಆಧಾರವೇನು ಎಂಬೆರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಬೇಕೆಂದು ಉದ್ದೇಶ.

ಮೊದಲು ಶಬ್ದವಿಚಾರ. ಅತಿಥಿಪದಕ್ಕೆ 'ಯಾರಿಗೆ ತಿಥಿಯ ನಿಯಮವಿಲ್ಲವೋ ಅವನು' ಎಂದು ಪುರಾಣ ಹೇಳುವವರು ಅರ್ಥಮಾಡುವುದುಂಟು. ಮನುವು ತನ್ನ ಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಒಂದು ರಾತ್ರಿ ಮಾತ್ರ ತಂಗುವವನು ಅತಿಥಿ, ಅವನ ಇರವು ನಿತ್ಯವಲ್ಲವಾದುದರಿಂದ ಆ ಹೆಸರು ಎಂದು ವಿವರಿಸಿರುವನು. ಈ ನಿರ್ವಚನಗಳನ್ನು ಒಪ್ಪಿದರೆ, ಎರಡು ತಿಂಗಳ ಮುಂಚೆಯೇ ದಿನವನ್ನು ಗೊತ್ತುಮಾಡಿ, ಮುಂಗಡ ಕೊಟ್ಟು, ಮೂರು ರಾತ್ರಿ ತಂಗುವ ಈಗಿನ ವಿಹಾರಾರ್ಥಿಯು ಅತಿಥಿಯೇ ಅಲ್ಲವೆಂದು ಹೇಳಬೇಕಾಗುತ್ತದೆ. ಅವನಿಗೆ ತಿಥಿಯು ನಿಷ್ಕೃಷ್ಟವಾಗಿಯೇ ಇದೆ. ಆದರೆ ಇಷ್ಟಕ್ಕೇ ತೀರ್ಮಾನ ಮಾಡಲಾಗದು. ಯಾಸ್ಕನು ನಿರುಕ್ತದ ನಾಲ್ಕನೆಯ ಅಧ್ಯಾಯದಲ್ಲಿ ಎರಡು ಪಕ್ಷಗಳನ್ನು ಕೊಟ್ಟಿರುವನು: ಮನೆಗಳ ಕಡೆಗೆ ಸಂಚರಿಸಿ ಬಂದವನು ಎಂಬುದು ಒಂದು, ತಿಥಿಗಳಲ್ಲಿ ಪರರ ಮನೆಗಳಿಗೆ ಬರುವವನು ಎಂಬುದು ಇನ್ನೊಂದು. ಎರಡನೆಯದು ರೂಢಿಯ ಅರ್ಥಕ್ಕೆ ನೇರವಾಗಿ ವಿರುದ್ಧವಾಗಿದೆ. ಹೀಗೆ ತಿಥಿಯನ್ನು ಗೊತ್ತುಮಾಡಿಕೊಂಡು ಬರುವವನಿಗೂ ಯಾಸ್ಕನ ಬಲವುಂಟು. ಸಂಚಾರಾರ್ಥದ ಧಾತುವಿನಿಂದ ಪದವನ್ನು ಸಾಧಿಸುವ ಮೊದಲನೆಯ ಪಕ್ಷವೇ ನನಗೆ ಯುಕ್ತವಾಗಿ ತೋರುವುದು. ಅದರಂತೆ ಹಣ ಕೊಟ್ಟವನೂ ಕೊಡದವನೂ ಸಮಾನವಾಗಿ ಅತಿಥಿಗಳೇ.

ತೊಡಕಿರುವುದು ಅತಿಥಿಶಬ್ದದಲ್ಲಲ್ಲ, ಆತಿಥ್ಯಶಬ್ದದಲ್ಲಿ. ಅತಿಥಿಪದದ ಮೇಲೆ 'ಅದಕ್ಕೋಸ್ಕರವಾದುದು' ಎಂಬ ಅರ್ಥದಲ್ಲಿ ಪ್ರತ್ಯಯವು ಬಂದು ಆತಿಥ್ಯವೆಂಬ ರೂಪವಾಗುವುದೆಂದು ಪಾಣಿನಿಯು ಐದನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ವಿಧಿಸಿರುವನು. ಅಂದಮೇಲೆ ಅತಿಥಿಗೋಸ್ಕರವಾದುದು ಮಾತ್ರ ಆತಿಥ್ಯ. ಉದ್ಯಮವಾದರೋ ಉದ್ಯಮಿಗೋಸ್ಕರವಾದುದು. ವ್ಯಾಕರಣವು ಸಮಾಸವನ್ನು ತಡೆಯಲಾರದು. ಅರ್ಥವು ಮಾತ್ರ ತಡೆಯುತ್ತದೆ.

ಈ ತಡೆಗೆ ಧರ್ಮಶಾಸ್ತ್ರದ ಹಿನ್ನೆಲೆಯುಂಟು. ಆಪತ್ಕಾಲದಲ್ಲಿ ವೈಶ್ಯವೃತ್ತಿಯನ್ನು ಹಿಡಿದ ಬ್ರಾಹ್ಮಣನು ಮಾರಬಾರದ ವಸ್ತುಗಳ ಪಟ್ಟಿಯೊಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿದೆ. ಬೇಯಿಸಿದ ಅನ್ನವು ಅದರಲ್ಲಿ ಸೇರಿದೆ. ಮಹಾಭಾರತದ ಆರಣ್ಯಪರ್ವದಲ್ಲಿ ಮಾರ್ಕಂಡೇಯನು ಕಲಿಯುಗದ ಲಕ್ಷಣಗಳನ್ನು ಹೇಳುವಾಗ ಜನಪದಗಳು 'ಅಟ್ಟಶೂಲ'ಗಳಾಗುವುವೆಂದಿರುವನು. ಅಟ್ಟವೆಂದರೆ ಅನ್ನ, ಶೂಲವೆಂದರೆ ವಿಕ್ರಯ ಎಂಬುದು ಸಾಂಪ್ರದಾಯಿಕ ವ್ಯಾಖ್ಯಾನ. ಕನ್ನಡದಲ್ಲಿ 'ಅಡು' ಧಾತುವಿನ ಭೂತಕೃದಂತವೂ 'ಅಟ್ಟ' ಎಂದೇ ಇದ್ದು, ಬೇಯಿಸಿದ ಎಂಬ ಅರ್ಥವನ್ನು ಕೊಡುವುದು. ಇದು ಕಾಕತಾಳೀಯವೋ, ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಪದಗಳಲ್ಲಿ ಇದೂ ಒಂದೋ, ಭಾಷಾಶಾಸ್ತ್ರಜ್ಞರು ವಿಚಾರಿಸತಕ್ಕದ್ದು.

ಆದರೆ ನಿಷೇಧವಿರುವ ಕಡೆ ಆಚರಣೆಯೂ ಇದ್ದೇ ಇರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವನ್ನು ನೋಡಬಹುದು. ಮೈಸೂರಿನ ಪ್ರಾಚ್ಯಕೋಶಾಗಾರದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಅಚ್ಚುಹಾಕಿಸಿದುದು ಕನ್ನಡನಾಡಿಗೆ ಹೆಮ್ಮೆಯ ವಿಷಯ. ಅಲ್ಲಿ ಧರ್ಮಾವಸಥವೆಂಬ ಧರ್ಮಶಾಲೆಯನ್ನು ನೋಡಿಕೊಳ್ಳುವವನು ದಾರಿಗರ ಸಂಗತಿಯನ್ನು ಅಧಿಕಾರಿಗೆ ತಿಳಿಸಿಯೇ ಇಳಿಸಿಕೊಳ್ಳಬೇಕು. ಬೇಯಿಸಿದ ಮಾಂಸವನ್ನು ಮಾರುವವರು, ಅನ್ನ ಮಾರುವ ಔದನಿಕರು, ಮದ್ಯ ಮಾರುವವರು ತಮಗೆ ಪರಿಚಿತರಾದವರಿಗೆ ಇಂಬು ಕೊಡಬಹುದು. ಧರ್ಮದ ಬಿಡಾರವೂ ಕ್ರಯದ ಬಿಡಾರವೂ ಒಂದೇ ನಗರದಲ್ಲಿ ಅಕ್ಕಪಕ್ಕದಲ್ಲಿ ಇದ್ದವೆಂಬುದು ಇದರಿಂದ ಸಿದ್ಧವಾಗುತ್ತದೆ. ಬಂದವರ ಹೆಸರು ಊರುಗಳನ್ನು ಬರೆಯಿಸಿಕೊಳ್ಳುವ ಈಗಿನ ಪದ್ಧತಿಗೂ ಇಷ್ಟು ಹಳೆಯ ಪೂರ್ವಜನುಂಟು!

ಇನ್ನು ರಾಜವೈಭವ. ಇದಕ್ಕೆ ಕನ್ನಡನಾಡಿನಲ್ಲಿ ಹುಟ್ಟಿದ ಪ್ರಮಾಣಗ್ರಂಥವೇ ಇದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು (ಕ್ರಿ. ಶ. ೧೧೨೬–೧೧೩೮) ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ ಸಂಸ್ಕೃತಗ್ರಂಥ, ಅಭಿಲಷಿತಾರ್ಥಚಿಂತಾಮಣಿಯೆಂಬುದು ಇದರ ಇನ್ನೊಂದು ಹೆಸರು. ಮೂರನೆಯ ವಿಂಶತಿಯಲ್ಲಿ ಗೃಹ, ಸ್ನಾನ, ತಾಂಬೂಲ, ವಿಲೇಪನ ಮೊದಲಾದ ಉಪಭೋಗಗಳೊಡನೆ ಅನ್ನಭೋಗವೂ ಪಾನೀಯಭೋಗವೂ ವರ್ಣಿತವಾಗಿವೆ. ಇಡ್ಡರಿಕಾ, ದೋಸಕ, ಮಂಡಕ, ಪರ್ಪಟ, ವಟಿಕೆಗಳು ಅಲ್ಲಿವೆ. ನಮ್ಮ ಇಡ್ಡಲಿ, ದೋಸೆ, ಹಪ್ಪಳ, ವಡೆಗಳ ವಂಶಾವಳಿಯನ್ನು ಇಲ್ಲಿಂದಲೇ ಆರಂಭಿಸಬೇಕು. ಮಾಂಸಪಾಕಗಳೂ ವಿಸ್ತಾರವಾಗಿವೆ, ಹೊಲದ ಇಲಿಯ ಪಾಕವನ್ನೂ ಆ ದೊರೆ ಬಿಟ್ಟಿಲ್ಲ. ಮುಖ್ಯವಾದ ಅಂಶವೆಂದರೆ ಬಡಿಸುವ ಕ್ರಮ. ಹೆಸರುಬೇಳೆ ತುಪ್ಪಗಳೊಡನೆ ಅನ್ನದಿಂದ ಆರಂಭ, ಮಧ್ಯದಲ್ಲಿ ಮಧುರಪದಾರ್ಥ, ಕಡೆಗೆ ಮೊಸರು ಮಜ್ಜಿಗೆಗಳು ಎಂಬ ಕ್ರಮವು ಬಾಳೆಲೆಯ ಊಟದಲ್ಲಿ ಇಂದಿಗೂ ಬಹುಮಟ್ಟಿಗೆ ನಿಂತಿದೆ. ಒಂದಾದ ಮೇಲೊಂದು ಪದಾರ್ಥವನ್ನು ಗೊತ್ತಾದ ಸರದಿಯಲ್ಲಿ ತರುವುದು ಪಾಶ್ಚಾತ್ಯರ ಭೋಜನಕಲೆಯ ವೈಶಿಷ್ಟ್ಯವೆಂದು ತಿಳಿದವರು ಈ ಅಧ್ಯಾಯವನ್ನು ಓದಬೇಕು.

ಐದನೆಯ ವಿಂಶತಿಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅದರಲ್ಲಿ ಭೂಧರಕ್ರೀಡೆ, ವನಕ್ರೀಡೆ, ಶಾದ್ವಲಕ್ರೀಡೆ, ಜ್ಯೋತ್ಸ್ನಾಕ್ರೀಡೆ, ಸಸ್ಯಕ್ರೀಡೆ ಎಂಬ ಪ್ರಕರಣಗಳಿರುವುವು; ಅಂದರೆ ಬೆಟ್ಟ, ತೋಪು, ಹುಲ್ಲುಬಯಲು, ಬೆಳದಿಂಗಳು, ಬೆಳೆದ ಪೈರು ಇವುಗಳ ನಡುವೆ ಪರಿವಾರದೊಡನೆ ಕಾಲ ಕಳೆಯುವುದು. ನಗರವನ್ನು ಬಿಟ್ಟು ಹಳ್ಳಿಗಾಡಿಗೆ ಹೋಗಿ, ಪೈರನ್ನು ನೋಡುತ್ತ, ಅರಮನೆಯ ಊಟವನ್ನೇ ಅಲ್ಲಿ ಉಣ್ಣುವ ಬಯಕೆಯು ಆಂಗ್ಲರಿಂದ ನಮಗೆ ಬಂದುದೆಂಬ ಅಭಿಪ್ರಾಯವು ಇದರಿಂದ ನಿರಾಕೃತವಾಗುವುದು. ಕೆಳದಿಯ ಬಸವಭೂಪಾಲನ ಶಿವತತ್ತ್ವರತ್ನಾಕರದಲ್ಲಿಯೂ ಪಾಕಶಾಸ್ತ್ರದ ಭಾಗವಿದೆ. ಕನ್ನಡದಲ್ಲಿ ಚಾವುಂಡರಾಯನ ಲೋಕೋಪಕಾರ, ಮೂರನೆಯ ಮಂಗರಸನ ಸೂಪಶಾಸ್ತ್ರಗಳು ಪ್ರಸಿದ್ಧವಾಗಿವೆ. ಅವುಗಳ ವಿಚಾರ ಬೇರೆ ಲೇಖನಕ್ಕೆ ತಕ್ಕುದು. ಸೋಮೇಶ್ವರನ ಗ್ರಂಥದಲ್ಲಿ ಇಲ್ಲದಿರುವುದು ಒಂದೇ, ಬೆಲೆ. ಉಣ್ಣುವವನು ರಾಜ, ಅವನೊಡನೆ ಕುಳಿತವರು ಅವನ ಪುತ್ರರು, ಬಾಂಧವರು, ಆಶ್ರಿತರು. ಯಾರು ಜೊತೆಯಲ್ಲಿ ಕುಳಿತುಕೊಳ್ಳಬಹುದೆಂಬುದು ಆಗಲೇ ಗೊತ್ತಾಗಿತ್ತು.

ರಾಜನಲ್ಲದ ದಾರಿಗನಿಗೆ ಇದ್ದುದು ಸತ್ರ ಮತ್ತು ಅರವಟ್ಟಿಗೆ. ವೇದದಲ್ಲಿ ಬಹುದಿನದ ಯಾಗಕ್ಕೆ ಹೆಸರಾಗಿದ್ದ ಸತ್ರಶಬ್ದವು ಅನ್ನದಾನದ ಶಾಲೆಗೆ ಸಂದು, ಆಡುಮಾತಿನಲ್ಲಿ ಛತ್ರವಾಗಿ, ಕೊಡೆಯ ಅರ್ಥದ ಪದದೊಡನೆ ಬೆರೆತುಹೋಯಿತು. ನೆರಳು ಕೊಡುವುದು ಎರಡಕ್ಕೂ ಸಾಮಾನ್ಯವಾದುದರಿಂದ ಜನರಿಗೆ ಈ ಬೆರಕೆಯು ಅಸಂಬದ್ಧವಾಗಿ ತೋರಿದಂತಿಲ್ಲ. ಸತ್ರಕ್ಕೆ ಭೂಮಿ ಬಿಟ್ಟ ದತ್ತಿಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಬೆಂಗಳೂರಿನಲ್ಲಿ ಈ ಪರಂಪರೆಯ ದೊಡ್ಡ ಉದಾಹರಣೆ ಗುಬ್ಬಿ ತೋಟದಪ್ಪನವರು ರೈಲುನಿಲ್ದಾಣದ ಹತ್ತಿರ ಕಟ್ಟಿಸಿದ ಛತ್ರ. ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೩ರಲ್ಲಿ ಅದನ್ನು ಆರಂಭಮಾಡಿದರು. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಹಳೆಯ ಸತ್ರಗಳು ಹಣವನ್ನು ಕೇಳುತ್ತಿರಲಿಲ್ಲ, ಆದರೆ ಬಹುಮಟ್ಟಿಗೆ ಕುಲವನ್ನು ಕೇಳುತ್ತಿದ್ದವು. ದತ್ತಿಯ ಅನ್ನವು ಹಲವೆಡೆ ಬ್ರಾಹ್ಮಣರಿಗೆಂದೇ ಮೀಸಲು; ಉಳಿದವರಿಗೆ ಬೇರೆ ಪಂಕ್ತಿ, ಇಲ್ಲವೆ ಅಡುಗೆಗೆ ಬೇಕಾದ ಹಸಿಯ ಸಾಮಗ್ರಿ, ಇಲ್ಲವೆ ಏನೂ ಇಲ್ಲ. ಅನ್ನದಾನದ ಮಹಿಮೆಯನ್ನು ಬರೆಯುವ ನಮ್ಮವರು ಈ ಭಾಗವನ್ನು ದಾಟಿ ಹೋಗುವುದೇ ಹೆಚ್ಚು. ಸಂಸ್ಕೃತಪಾಠಶಾಲೆಗಳಲ್ಲಿ ಛತ್ರದ ಅನ್ನವನ್ನುಂಡು ಓದಿದ ನಮ್ಮಂಥವರಾದರೂ ದಾಟದಿರುವುದು ನ್ಯಾಯ.

ಹಲಸೂರಿನ ಬಳಿ ೧೮೦೯ರಲ್ಲಿ ಇಂಗ್ಲಿಷರ ದಂಡು ನೆಲಸಿದ ಮೇಲೆ ಈ ಸೀಮೆಗೆ ಬೇರೊಂದು ಬಗೆಯ ದಾರಿಗರು ಬರತೊಡಗಿದರು. ಅವರಿಗೆ ಛತ್ರದ ಊಟ ಸಲ್ಲದು, ಛತ್ರಕ್ಕೆ ಅವರು ಸಲ್ಲರು. ಹೀಗಾಗಿ ದಾರಿಯ ಬೀಡುಗಳಲ್ಲಿ ಸರ್ಕಾರದವರು ಮುಸಾಫರಿ ಬಂಗಲೆಗಳನ್ನು ಕಟ್ಟಿಸಿ, ಗೊತ್ತಾದ ಬಾಡಿಗೆಗೆ ಇಂಬನ್ನೂ ಬಟ್ಲರನ ಕೈಯ ಊಟವನ್ನೂ ಏರ್ಪಡಿಸಿದರು. ಬಂಗಲೆಯೆಂಬ ಪದವೇ ಬಂಗಾಳದ ಮನೆಯ ಮಾದರಿಯಿಂದ ಬಂದುದು. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು ನಂದಿಬೆಟ್ಟದ ಮೇಲೆ ಬೇಸಗೆಯ ಮನೆಯನ್ನು ಮಾಡಿಕೊಂಡನು. ಸೋಮೇಶ್ವರನು ಬದುಕಿದ್ದರೆ ಇದನ್ನು ಭೂಧರಕ್ರೀಡೆಯ ಪ್ರಕರಣಕ್ಕೆ ಸೇರಿಸುತ್ತಿದ್ದನು. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲುದಾರಿ ಬಂದಿತು. ಬೆಂಗಳೂರಿನಲ್ಲಿ ೧೮೮೭ರಲ್ಲಿ ಬ್ರಾನ್ಸನ್ ಎಂಬ ಆಂಗ್ಲಮಹಿಳೆ ಹತ್ತು ಕೊಠಡಿಗಳ ವಸತಿಗೃಹವೊಂದನ್ನು ತೆರೆದಳು. ವೆಸ್ಟ್ ಎಂಡ್ ಎಂಬ ಹೋಟಲು ಅದರಿಂದ ಬೆಳೆದುದು.

ದೊಡ್ಡನೆಕ್ಕುಂದಿಗೆ ಪೂರ್ವದ ವೈಟ್‌ಫೀಲ್ಡಿನ ಕಥೆಯು ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ಚಾಮರಾಜ ಒಡೆಯರಿಗೆ ೧೮೮೧ರಲ್ಲಿ ರಾಜ್ಯವು ಹಿಂದಿರುಗಿ ಬಂದ ಮರುವರ್ಷವೇ ಅವರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ೩೯೦೦ ಎಕರೆ ಭೂಮಿಯನ್ನು ವ್ಯವಸಾಯದ ವಸಾಹತುಗಳಿಗಾಗಿ ದಯಪಾಲಿಸಿದರು. ಸಂಘದ ಮುಖಂಡನಾಗಿದ್ದ ಡಿ. ಎಸ್. ವೈಟನ ಹೆಸರೇ ಊರಿಗೆ ನಿಂತಿತು. ಮಧ್ಯದ ಹಸುರುಬಯಲನ್ನು ಸುತ್ತುವರಿದ ದುಂಡಾದ ಬೀದಿಗಳ ಸುತ್ತ ತೋಟದ ಮನೆಗಳು ಎದ್ದವು. ಒಳವರ್ತುಲ, ಹೊರವರ್ತುಲ ಎಂಬ ಹೆಸರುಗಳು ಇಂದೂ ಬಳಕೆಯಲ್ಲಿವೆ. ಇಲ್ಲಿ ನೆಲಸಿದವರು ಇಂಗ್ಲಿಷರ ಪಂಕ್ತಿಗೂ ನಮ್ಮವರ ಪಂಕ್ತಿಗೂ ಪೂರ್ಣವಾಗಿ ಸೇರದ ಜನ. ಅವರ ಊರಿನಲ್ಲಿಯೇ ಜೇಮ್ಸ್ ಹ್ಯಾಮಿಲ್ಟನ್ ಎಂಬವನು ನಡೆಸುತ್ತಿದ್ದ ವೇವರ್ಲಿ ಎಂಬ ಪಥಿಕಗೃಹವು ದಂಡಿನ ಅಧಿಕಾರಿಗಳಿಗೆ ವಿಹಾರಸ್ಥಾನವಾಯಿತು. ಹಳ್ಳಿಗಾಡಿನ ಮನೆಯಲ್ಲಿ ಹಣ ಕೊಟ್ಟು ತಂಗಿ ಉಣ್ಣುವ ಪದ್ಧತಿಗೆ ದೊಡ್ಡನೆಕ್ಕುಂದಿಯ ಸೀಮೆಯಲ್ಲಿ ದೊರೆಯುವ ಮೊದಲನೆಯ ನಿದರ್ಶನವೆಂದು ಇದನ್ನೇ ನಾನು ಎಣಿಸುತ್ತೇನೆ.

ಈ ಮನೆಗೆ ಸಂಬಂಧಿಸಿದಂತೆ ಒಂದು ಐತಿಹ್ಯವು ಬಹಳವಾಗಿ ಹಬ್ಬಿದೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲನು ತರುಣಸೈನ್ಯಾಧಿಕಾರಿಯಾಗಿ ಬೆಂಗಳೂರಿನಲ್ಲಿದ್ದಾಗ ಇಲ್ಲಿಗೆ ಬಂದು ಹೋಗುತ್ತಿದ್ದನೆಂದೂ ಹ್ಯಾಮಿಲ್ಟನನ ಮಗಳಲ್ಲಿ ಅನುರಕ್ತನಾಗಿದ್ದನೆಂದೂ ಹೇಳುವರು. ಚರ್ಚಿಲನು ೧೮೯೬ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದುದೂ ೧೮೯೯ರಲ್ಲಿ ಬಿಟ್ಟುಹೋದುದೂ ನಿಶ್ಚಿತ. ೧೯೩೦ರಲ್ಲಿ ಪ್ರಕಟವಾದ ಅವನ ಆತ್ಮವೃತ್ತಾಂತದಲ್ಲಿ ಇಬ್ಬರು ಮಿತ್ರರೊಡನೆ ಇದ್ದ ಗುಲಾಬಿಬಿಳುಪು ಬಣ್ಣದ ಬಂಗಲೆ, ಪೋಲೋ ಆಟ, ಸ್ವಯಂವ್ಯಾಸಂಗ ಇವುಗಳ ವಿಸ್ತಾರವಾದ ಚಿತ್ರವಿದೆ. ತಾನು ಕೂಡಿಟ್ಟಿದ್ದ ಚಿಟ್ಟೆಗಳನ್ನು ಇಲಿಯೊಂದು ತಿಂದುಹಾಕಿತೆಂದು ಪತ್ರದಲ್ಲಿ ಮರುಗಿರುವನು. ಆದರೆ ಈ ಪ್ರಣಯಕ್ಕೆ ಅವನ ಕೈಬರಹದ ಆಧಾರವನ್ನು ಯಾರೂ ತೋರಿಸಿಲ್ಲ. ಆ ವರ್ಷಗಳಲ್ಲಿ ಅವನ ಅನುರಾಗಕ್ಕೆ ಪಾತ್ರಳಾಗಿದ್ದವಳು ೧೮೯೬ರಲ್ಲಿ ಸಿಕಂದರಾಬಾದಿನಲ್ಲಿ ಅವನು ಕಂಡ ಪಮೆಲಾ ಪ್ಲೌಡನ್ ಎಂಬುದು ಪತ್ರಗಳಿಂದಲೇ ಸ್ಪಷ್ಟವಾಗಿದೆ. ಆದುದರಿಂದ ವೈಟ್‌ಫೀಲ್ಡಿನ ಪ್ರಣಯಕಥೆಯನ್ನು ಕಥೆಯೆಂದೇ ತಿಳಿಯತಕ್ಕದ್ದು. ಅದು ಬಾಳುತ್ತಿರುವುದಕ್ಕೆ ಕಾರಣವೂ ಕಾಣುತ್ತದೆ: ಹೋಟಲಿಗೆ ಸ್ಥಳಪುರಾಣ ಬೇಕು. ದೇವಾಲಯಕ್ಕೆ ಋಷಿಯ ತಪಸ್ಸು ಹೇಗೋ ವಿಹಾರಗೃಹಕ್ಕೆ ಪ್ರಸಿದ್ಧಪುರುಷನ ವಾಸವು ಹಾಗೆ.

ವೇವರ್ಲಿಯಂಥ ಮನೆಗಳ ಒಳಗಿನ ವ್ಯವಸ್ಥೆಯನ್ನು ವಿವರವಾಗಿ ಅರಿಯಲು ಸಾಧನಗಳು ಅಲ್ಪ. ಆತಿಥೇಯನ ಧರ್ಮ, ಅತಿಥಿಯ ಅಭಿರುಚಿ, ಕಡೆಗೆ ಬೆಲೆ, ಈ ಮೂರೂ ಒಂದೇ ಕಟ್ಟಡದಲ್ಲಿ ಹೇಗೆ ಕೂಡಿಬಂದವೆಂಬುದನ್ನು ನೋಡಬೇಕಾದರೆ ರಾಜಧಾನಿಯಾಗಿದ್ದ ಮೈಸೂರಿಗೇ ಹೋಗಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು ಆಚಾರನಿಷ್ಠರಾದ ಪ್ರಭುಗಳು. ವೈಸರಾಯರೂ ಇತರ ಯೂರೋಪಿಯನ್ನರೂ ಅವರ ಅತಿಥಿಗಳಾಗಿ ಮೇಲಿಂದ ಮೇಲೆ ಬರುತ್ತಿದ್ದರು. ದಸರೆಯಲ್ಲಿ ಯೂರೋಪಿಯನ್ನರಿಗೆಂದೇ ಪ್ರತ್ಯೇಕವಾದ ದರ್ಬಾರು ನಡೆಯುತ್ತಿದ್ದಿತು. ಅತಿಥಿಯನ್ನು ಅವನಿಗೆ ಸಲ್ಲುವ ಮಾಂಸಮದ್ಯಗಳಿಂದ ತೃಪ್ತಿಪಡಿಸಬೇಕು. ತನ್ನ ಅರಮನೆಯ ಆಚಾರವು ಕೆಡಬಾರದು. ಧರ್ಮಶಾಸ್ತ್ರದಲ್ಲಿ ಎರಡೂ ವಿಧಿಗಳೇ, ಎರಡೂ ಪರಸ್ಪರ ವಿರುದ್ಧ. ಈ ವಿರೋಧಕ್ಕೆ ಪರಿಹಾರವು ಶಾಸ್ತ್ರದಿಂದ ಬರಲಿಲ್ಲ, ಶಿಲ್ಪದಿಂದ ಬಂದಿತು: ಬೇರೆ ಮನೆಯನ್ನೇ ಕಟ್ಟಿಸುವುದು. ೧೯೨೦ರಲ್ಲಿ ಮೆಟ್ರೊಪೋಲ್ ಎಂಬ ಗೃಹವು ಬ್ರಿಟಿಷ್ ಅತಿಥಿಗಳಿಗಾಗಿ ಎದ್ದಿತು. ೧೯೨೧ನೆಯ ನವೆಂಬರು ೧೮ರಲ್ಲಿ, ಚಾಮುಂಡಿಬೆಟ್ಟದ ಬಳಿ ಊರಿನಿಂದ ಹೊರಗೆ, ವೈಸರಾಯರ ವಾಸಕ್ಕೆಂದು ಲಲಿತಮಹಲಿಗೆ ಮಹಾರಾಜರೇ ಅಸ್ತಿವಾರವನ್ನಿಟ್ಟರು.

ಶಿಲ್ಪಿಯು ಮುಂಬಯಿಯ ಇ. ಡಬ್ಲ್ಯು. ಫ್ರಿಚ್ಲಿ. ಜೋಡಿಗಂಬಗಳ ಸಾಲು, ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ನೆನಪಿಗೆ ತರುವ ಗುಮ್ಮಟ, ಅಮೃತಶಿಲೆಯ ಸೋಪಾನ, ನೃತ್ಯಶಾಲೆಯ ಮೇಲೆ ಬಣ್ಣದ ಗಾಜಿನ ಮೇಲ್ಕಟ್ಟು ಇವುಗಳಿಂದ ಕೂಡಿದ ಈ ಶ್ವೇತಸೌಧದಲ್ಲಿ ಹೊಯ್ಸಳ ವಿಜಯನಗರಗಳ ಲೇಶವೂ ಇಲ್ಲವೆಂದು ಆಕ್ಷೇಪಿಸುವವರುಂಟು. ಆಕ್ಷೇಪವು ನನಗೆ ಸಮ್ಮತವಲ್ಲ. ಅತಿಥಿಗೋಸ್ಕರವಾದುದು ಆತಿಥ್ಯವೆಂಬ ಪಾಣಿನಿಯ ಅರ್ಥವನ್ನು ಕಲ್ಲುಗಾರೆಯಲ್ಲಿ ಇಷ್ಟು ನಿಷ್ಠುರವಾಗಿ ನೆರವೇರಿಸಿದ ಕಟ್ಟಡವು ಮತ್ತೊಂದಿಲ್ಲ. ಆತಿಥೇಯನು ತನಗೆಂದು ಅಲ್ಲಿ ಏನನ್ನೂ ಇಟ್ಟುಕೊಂಡಿಲ್ಲ. ಜೊತೆಯಲ್ಲಿ ಕುಳಿತು ಉಣ್ಣಲಾರದವನು ಕಟ್ಟಿಸಿದ ಭೋಜನಗೃಹವದು.

೧೯೭೪ರಲ್ಲಿ ಲಲಿತಮಹಲು ಹೋಟಲಾಯಿತು. ಕೇಂದ್ರಸರ್ಕಾರದ ಪ್ರವಾಸೋದ್ಯಮ ನಿಗಮವು ಅದನ್ನು ಬಹುಕಾಲ ನಡೆಸಿತು. ೨೦೧೮ರಲ್ಲಿ ಅದು ರಾಜ್ಯಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಗೆ ಬಂದಿತು. ನೃತ್ಯಶಾಲೆಯೇ ಭೋಜನಶಾಲೆಯಾಗಿ ಮಾರ್ಪಟ್ಟಿತು. ವಿದ್ವದ್ಗೋಷ್ಠಿಯೊಂದರ ನಿಮಿತ್ತ ಮೈಸೂರಿಗೆ ಹೋಗಿದ್ದಾಗ ಮಿತ್ರರ ಬಲವಂತದಿಂದ ನಾನೂ ಆ ಬಣ್ಣದ ಗಾಜಿನ ಕೆಳಗೆ ಕುಳಿತು ಮೊಸರನ್ನವನ್ನು ಉಂಡುದುಂಟು. ಬೆಳ್ಳಿಯ ಬಣ್ಣದ ಚಮಚಗಳ ಸಾಲಿನಲ್ಲಿ ಯಾವುದು ಮೊದಲು ಯಾವುದು ಕೊನೆ ಎಂಬುದು ತಿಳಿಯದೆ ಕೈಯಿಂದಲೇ ಉಂಡೆನು. ಬಡಿಸುವವನು ಮುಖವನ್ನು ಸಿಂಡರಿಸಲಿಲ್ಲ. ಪಕ್ಕದ ಮೇಜುಗಳಲ್ಲಿ ಯಾರು ಯಾವ ಕುಲದವರು, ಏನನ್ನು ಉಣ್ಣುತ್ತಿದ್ದರು ಎಂಬುದನ್ನು ನಾನೂ ವಿಚಾರಿಸಲಿಲ್ಲ, ಅವರೂ ವಿಚಾರಿಸಲಿಲ್ಲ. ಪಂಕ್ತಿಭೇದವನ್ನು ಕಾಪಾಡಲೆಂದೇ ಊರಾಚೆ ಕಟ್ಟಿದ ಮನೆಯೊಳಗೆ ಪಂಕ್ತಿಭೇದವು ಕರಗಿಹೋಗಿದ್ದಿತು. ಅದನ್ನು ಕರಗಿಸಿದುದು ಸುಧಾರಕರ ಉಪನ್ಯಾಸವೊಂದೇ ಅಲ್ಲ. ಕೌಟಿಲ್ಯನ ಔದನಿಕನು ಮಾಡುತ್ತಿದ್ದ, ಮನುವು ಬೇಡವೆಂದ ಅನ್ನವಿಕ್ರಯಕ್ಕೂ ಅದರಲ್ಲಿ ದೊಡ್ಡ ಪಾಲಿದೆ. ಉಡುಪಿಯ ಕಡೆಯ ಬ್ರಾಹ್ಮಣರು ನಾಡಿನಾದ್ಯಂತ ತೆರೆದ ಉಪಾಹಾರಗೃಹಗಳಿಗೂ ಈ ಮಾತು ಅನ್ವಯಿಸುವುದು; ಅವುಗಳಲ್ಲಿ ಕೂಡ ಮೊದಮೊದಲು ಬ್ರಾಹ್ಮಣರಿಗೆ ಪ್ರತ್ಯೇಕ ಕೊಠಡಿಗಳಿದ್ದುದನ್ನು ಹಿರಿಯರು ಬಲ್ಲರು.

ಆದರೆ ಇಲ್ಲಿಗೆ ಸಂತೋಷಪಟ್ಟು ಸುಮ್ಮನಿರುವಂತಿಲ್ಲ. ಕುಲವನ್ನು ಕೇಳದ ಬಾಗಿಲು ಹಣವನ್ನು ಕೇಳುತ್ತದೆ. ಛತ್ರದ ಜಗುಲಿಯಲ್ಲಿ ಕೈಯಲ್ಲಿ ಕಾಸಿಲ್ಲದವನಿಗೂ ಒಂದು ರಾತ್ರಿಯ ನೆರಳಿದ್ದಿತು. ದೊಡ್ಡನೆಕ್ಕುಂದಿಯ 'ರಾಜವೈಭವದ ಆತಿಥ್ಯ'ದಲ್ಲಿ ಅದಿಲ್ಲ. ಅಲ್ಲಿಯ ಒಂದು ರಾತ್ರಿಯ ಬೆಲೆಯು, ಆ ಕಟ್ಟಡದ ತಾಣದಲ್ಲಿ ರಾಗಿ ಬೆಳೆಯುತ್ತಿದ್ದ ಒಕ್ಕಲಿಗೆ ಎಟುಕುವಂತಹುದಲ್ಲ. ಸೋಮೇಶ್ವರನ ಸಸ್ಯಕ್ರೀಡೆಗಾದರೂ ಪೈರು ಬೇಕಾಗಿದ್ದಿತು.

ಮೈಸೂರಿನಲ್ಲಿಯೇ ಇರುವ ಇನ್ನೊಂದು ಮನೆಯನ್ನು ಇಲ್ಲಿ ಹೇಳದೆ ಬಿಡಲಾಗದು. ೧೯೨೦ರ ದಶಕದಲ್ಲಿ ರಾಜಕುಮಾರಿಯರಿಗಾಗಿ ಊರಾಚೆ ಕಟ್ಟಿಸಿದ ಚಿತ್ತರಂಜನ ಅರಮನೆಯು ಕೆಲಕಾಲ ಚಲನಚಿತ್ರದ ಸ್ಟುಡಿಯೋ ಆಗಿದ್ದು, ೧೯೯೦ರ ದಶಕದಲ್ಲಿ ಇಂಗ್ಲೆಂಡಿನ ಧರ್ಮಸಂಸ್ಥೆಯೊಂದರ ಉದ್ಯೋಗದಿಂದ ಗ್ರೀನ್ ಹೋಟಲ್ ಎಂಬ ಹೆಸರಿನ ವಸತಿಗೃಹವಾಯಿತು. ಅಲ್ಲಿ ತಂಗುವವರು ಹಣ ಕೊಡುವರು. ಬಂದ ಲಾಭವು ಧರ್ಮಕಾರ್ಯಗಳಿಗೂ ಪರಿಸರದ ಕೆಲಸಗಳಿಗೂ ವಿನಿಯೋಗವಾಗುವುದು. ಅನ್ನವನ್ನು ಮಾರಿ ಬಂದ ಹಣದಿಂದ ದಾನಮಾಡುವ ಈ ಮನೆಯನ್ನು ನಿಬಂಧಕಾರರು ಸತ್ರವೆನ್ನುತ್ತಿದ್ದರೋ ಔದನಿಕನ ಅಂಗಡಿಯೆನ್ನುತ್ತಿದ್ದರೋ ಹೇಳುವುದು ಕಷ್ಟ. ಮನುವಿನ ನಿಷೇಧವು ಜೀವನಕ್ಕಾಗಿ ಮಾರುವವನನ್ನು ಕುರಿತುದಾದುದರಿಂದ, ಲಾಭವನ್ನು ತಾನಿಟ್ಟುಕೊಳ್ಳದವನಿಗೆ ಅದು ಮುಟ್ಟದ ಪಕ್ಷವೇ ನನಗೆ ಪ್ರಬಲವಾಗಿ ಕಾಣುತ್ತದೆ. ಧರ್ಮಶಾಸ್ತ್ರವನ್ನು ಬಲ್ಲ ಮಹಾಶಯರು ಬೇರೆ ಅಭಿಪ್ರಾಯವಿದ್ದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ.